ಮಕ್ಕಿಗದ್ದೆ, ಬೈಲುಗದ್ದೆ ಮತ್ತು ಮೀಥೇನ್ ಲೆಕ್ಕ

ತುಂಬಾ ದಿನಗಳಾದವು ಇಲ್ಲಿ ಏನಾದರೂ ಬರೆದು. ಕೆಲಸ, ರಿಲೀಸು ಅಂತೆಲ್ಲ ಹೇಳಿದರೆ ನೀವು ನಂಬುವುದಿಲ್ಲ, ಸೋಮಾರಿತನ ಅಂತಲೇ ಒಪ್ಪಿಕೊಂಡುಬಿಡುತ್ತೇನೆ :) ಈಗ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ನಮ್ಮೂರಿನ ಒಂದು ಎಕರೆ ಗದ್ದೆ. ಮತ್ತೆ ಅದರ ವಿಷಯದಲ್ಲಿ ಅಪ್ಪನ ಹತ್ತಿರ ನಾನು ಸೋತ ಒಂದು ವಾದ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಅಂಗಳ ಇಳಿದರೆ ಗದ್ದೆ. ನಾನು ಚಿಕ್ಕವನಿದ್ದಾಗ ಅಂಗಳದಲ್ಲಿ ನಿಂತರೆ ಆಚೆ ಗುಡ್ಡದ ಬುಡದವರೆಗೂ ಬರೀ ಹಸಿರು ಭತ್ತವೇ ಕಾಣುತ್ತಿತ್ತು. ಈಗ ಅಕ್ಕಪಕ್ಕದವರೆಲ್ಲ ಗದ್ದೆಗೆ ಬಸಿಗಾಲುವೆ ತೆಗೆದು, ಮಣ್ಣು ಏರಿಸಿ ಅಡಿಕೆ ಹಾಕಿದ್ದಾರೆ. ಮಧ್ಯದಲ್ಲಿ ಅಪ್ಪನ ಒಂದು ಎಕರೆ ಮಾತ್ರ ಭತ್ತ. ನೆಟ್ಟಿಗೆ ಜನ ಸಿಗುವುದಿಲ್ಲ, ಟಿಲ್ಲರ್ ಬಾಡಿಗೆ ಏರಿದೆ, ಕೊಯ್ಲಿನ ಹೊತ್ತಿಗೆ ಕಾಡುಹಂದಿ ಬೇರೆ. "ಅಡಿಕೆ ಹಾಕಿಬಿಡಿ" ಅಂತ ಮೂರು ವರ್ಷದಿಂದ ಹೇಳುತ್ತಲೇ ಇದ್ದೆ. ಅಪ್ಪ ಹೂಂ ಅನ್ನುವುದೂ ಇಲ್ಲ, ಊಹೂಂ ಅನ್ನುವುದೂ ಇಲ್ಲ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನನ್ನ ಹತ್ತಿರ ಒಂದು ಹೊಸ ಅಸ್ತ್ರ ಇತ್ತು. ದಾರಿಯಲ್ಲಿ ಫೋನಿನಲ್ಲಿ ಓದಿದ ಒಂದು ಲೇಖನ. ನೀರು ನಿಂತ ಭತ್ತದ ಗದ್ದೆಗಳಿಂದ ಮೀಥೇನ್ ಬರುತ್ತದೆ, ಅದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ ಅಂತ. ಊಟ ಆದ ಮೇಲೆ ಜಗಲಿಯಲ್ಲಿ ಶುರು ಮಾಡಿದೆ.

"ಅಪ್ಪಾ, ಈ ಗದ್ದೆಯಿಂದ ಭೂಮಿ ಬಿಸಿ ಆಗುತ್ತೆ ಗೊತ್ತಾ?"

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಯಾರು ಅಳೆದಿದ್ದು?"

"ವಿಜ್ಞಾನಿಗಳು."

"ನಮ್ಮ ಗದ್ದೆಗೆ ಬಂದಿದ್ರಾ?"

"ನಮ್ಮ ಗದ್ದೆಗೇ ಬರಬೇಕು ಅಂತೇನಿಲ್ಲ. ಎಕರೆಗೆ ಇಷ್ಟು ಅಂತ ಲೆಕ್ಕ ಇರುತ್ತೆ."

"ಎಂಥ ಲೆಕ್ಕ ಮಾರಾಯ? ಮಕ್ಕಿಗದ್ದೆದಾ, ಬೈಲುಗದ್ದೆದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಎದ್ದು ಕೊಟ್ಟಿಗೆ ಕಡೆ ಹೋದರು.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಮ್ಮ ಆಫೀಸಿನಲ್ಲಿ ಯಾರಾದರೂ "ಪ್ರೋಗ್ರಾಮ್ ನಿಧಾನ ಓಡ್ತಿದೆ, ಈ ಫಂಕ್ಷನ್ನೇ ಕಾರಣ" ಅಂದರೆ ನಾವು ಮೊದಲು ಕೇಳುವುದು "ಅಳೆದು ನೋಡಿದ್ಯಾ?" ಅಂತ. ಅಪ್ಪ ಕೇಳಿದ್ದೂ ಅದನ್ನೇ ಅಲ್ಲವಾ? ಹಾಗಾಗಿ ಕೂತು ಓದಲು ಶುರು ಮಾಡಿದೆ.

ಮೊದಲು ಮೀಥೇನ್ ಎಲ್ಲಿಂದ ಬರುತ್ತೆ ಅನ್ನುವುದು. ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ನಮ್ಮಲ್ಲಿ ಎಷ್ಟೋ ಮನೆಗಳ ಹಿಂದೆ ಗೋಬರ್ ಗ್ಯಾಸ್ ಗುಂಡಿ ಇದೆ. ಗಾಳಿ ಆಡದ ಗುಂಡಿಯಲ್ಲಿ ಸೆಗಣಿ ಕೊಳೆತು ಬರುವ ಗ್ಯಾಸಿನಲ್ಲಿ ಉರಿಯುವುದು ಇದೇ ಮೀಥೇನ್. ಗದ್ದೆಯಲ್ಲೂ ಅದೇ ಕಥೆ. ನೀರು ನಿಂತ ಮೇಲೆ ಕೆಸರಿನೊಳಗೆ ಇದ್ದ ಆಮ್ಲಜನಕ ಬೇಗ ಖಾಲಿಯಾಗುತ್ತದೆ. ಆಗ ಮಣ್ಣಿನ ಸೂಕ್ಷ್ಮಜೀವಿಗಳು ಬದಲಿ ದಾರಿ ಹುಡುಕುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್. ಅದೆಲ್ಲ ಮುಗಿಯುತ್ತಾ ಬಂದ ಮೇಲೆ ಮೀಥೇನ್ ತಯಾರಿಸುವ ಜೀವಿಗಳ ಸರದಿ. ಅಂದರೆ ನೀರು ನಿಂತ ಮೊದಲ ದಿನವೇ ಮೀಥೇನ್ ಧಾರಾಳವಾಗಿ ಬರುವುದಿಲ್ಲ, ಬಹಳ ದಿನ ನಿಂತರೆ ಬರುತ್ತದೆ. ನಡುವೆ ಗದ್ದೆ ಒಮ್ಮೆ ಒಣಗಿ ಗಾಳಿಯಾಡಿತೋ, ಸರಪಳಿ ಮತ್ತೆ ಹಿಂದಕ್ಕೆ ಹೋಗುತ್ತದೆ.

ಹುಟ್ಟಿದ್ದೆಲ್ಲ ಹೊರಗೂ ಬರುವುದಿಲ್ಲ. ಕೆಸರಿನ ಮೇಲ್ಪದರದಲ್ಲಿ, ಬೇರಿನ ಸುತ್ತ, ಸ್ವಲ್ಪ ಆಮ್ಲಜನಕ ಇರುವ ಕಡೆ ಮೀಥೇನನ್ನೇ ತಿನ್ನುವ ಬ್ಯಾಕ್ಟೀರಿಯಾಗಳಿವೆ. ಅವು ತಿಂದು ಉಳಿದದ್ದು ಮಾತ್ರ ಗಾಳಿಗೆ. ಚಿಕ್ಕವರಿದ್ದಾಗ ಕೆಸರಿಗೆ ಕಾಲಿಟ್ಟಾಗ ಗುಳುಗುಳು ಅಂತ ಗುಳ್ಳೆ ಏಳುತ್ತಿದ್ದವಲ್ಲ, ಅದರಲ್ಲೂ ಮೀಥೇನ್ ಇರುತ್ತದೆ. ಆದರೆ ಹೆಚ್ಚಿನ ಪಾಲು ಹೊರಬರುವುದು ಭತ್ತದ ಗಿಡದ ಒಳಗಿನಿಂದಲೇ ಅಂತೆ! ನೀರಲ್ಲಿ ನಿಂತ ಬೇರಿಗೆ ಗಾಳಿ ಕಳಿಸಲು ಭತ್ತದ ಗಿಡದೊಳಗೆ ಟೊಳ್ಳು ಕೊಳವೆಗಳಿರುತ್ತವೆ. ಆಮ್ಲಜನಕ ಕೆಳಗೆ ಇಳಿಯುವ ಅದೇ ದಾರಿಯಲ್ಲಿ ಮೀಥೇನ್ ಮೇಲೆ ಹತ್ತುತ್ತದೆ. ಇಷ್ಟು ವರ್ಷ ಗದ್ದೆ ನೋಡಿದ್ದೇನೆ, ಒಂದು ಬುಡ ಭತ್ತ ಚಿಮಣಿಯ ಕೆಲಸ ಮಾಡುತ್ತೆ ಅಂತ ಗೊತ್ತೇ ಇರಲಿಲ್ಲ.

ಇಲ್ಲಿಗೆ ಅಪ್ಪನ ಎದುರು ನಾನೇ ಗೆದ್ದೆ ಅಂದುಕೊಂಡೆ. ಗದ್ದೆಯಿಂದ ಮೀಥೇನ್ ಬರುವುದು ನಿಜ. ಮುಂದೆ ಓದಿದರೆ ಎ. ಪಿ. ಮಿತ್ರ ಸಿಕ್ಕಿದರು.

ಅಶೇಷ್ ಪ್ರಸಾದ್ ಮಿತ್ರ 1927ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದವರು. ಮೂಲತಃ ಮಣ್ಣಿನ ವಿಜ್ಞಾನಿಯೇ ಅಲ್ಲ, ರೇಡಿಯೋ ಭೌತವಿಜ್ಞಾನಿ. ರೇಡಿಯೋ ಅಲೆಗಳನ್ನು ಹಿಂದಕ್ಕೆ ಕಳಿಸುವ ಅಯಾನುಗೋಳದ ಬಗ್ಗೆ ಸಂಶೋಧನೆ ಮಾಡಿದವರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನಿರ್ದೇಶಕರಾಗಿದ್ದರು, ಆಮೇಲೆ ಸಿಎಸ್‌ಐಆರ್‌ನ ಮಹಾನಿರ್ದೇಶಕರೂ ಆದರು. ಅಷ್ಟು ಎತ್ತರದ ಆಕಾಶ ನೋಡುತ್ತಿದ್ದ ಮನುಷ್ಯ ಗದ್ದೆಯ ಕೆಸರಿಗೆ ಇಳಿದದ್ದು ಹೇಗೆ ಅನ್ನುವುದೇ ನನಗೆ ಹಿಡಿಸಿದ ಕಥೆ.

1990ರ ಸುಮಾರಿನ ಮಾತು. ಭೂಮಿ ಬಿಸಿಯಾಗುವುದಕ್ಕೆ ಯಾವ ದೇಶದ ಪಾಲು ಎಷ್ಟು ಅನ್ನುವ ಚರ್ಚೆ ಜೋರಾಗಿತ್ತು. 1992ರಲ್ಲಿ ರಿಯೋದಲ್ಲಿ ಭೂ ಶೃಂಗಸಭೆ ನಡೆಯುವುದಿತ್ತು. ಆ ಹೊತ್ತಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒಂದು ಅಂದಾಜು ಓಡಾಡುತ್ತಿತ್ತು: ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್. ಈ ಅಂಕಿ ನಮ್ಮ ಗದ್ದೆಗಳಲ್ಲಿ ಅಳೆದು ಬಂದದ್ದಲ್ಲ. ಯುರೋಪ್, ಅಮೆರಿಕದ ಗದ್ದೆಗಳಲ್ಲಿ ಅಳೆದದ್ದನ್ನು ನಮ್ಮ ದೇಶದ ಭತ್ತದ ವಿಸ್ತೀರ್ಣಕ್ಕೆ ಹಿಗ್ಗಿಸಿ ತೆಗೆದದ್ದು. ಅಲ್ಲಿ ಗದ್ದೆ ಅಂದರೆ ಕಾಲುವೆ ನೀರು ಸದಾ ನಿಂತಿರುವ ಗದ್ದೆ. ನಮ್ಮಲ್ಲಿ ಭತ್ತದ ದೊಡ್ಡ ಭಾಗ ಮಳೆಯನ್ನೇ ನಂಬಿದ್ದು. ಮಳೆ ಬಂದರೆ ನೀರು, ಬಿಟ್ಟರೆ ಬಿರುಕು. ಕೆಲವು ಕಡೆ ಭತ್ತವನ್ನು ನೀರೇ ನಿಲ್ಲಿಸದೆ ರಾಗಿಯ ಹಾಗೆ ಬೆಳೆಯುತ್ತಾರೆ. ನಮ್ಮಲ್ಲೇ ಹಾವೇರಿ, ಧಾರವಾಡದ ಕಡೆ ಕೂರಿಗೆಯಲ್ಲಿ ಬಿತ್ತುವ ಭತ್ತ ಇಲ್ಲವಾ, ಹಾಗೆ.

ಮಿತ್ರ ಮಾಡಿದ್ದು ಸರಳ ಕೆಲಸ, ಆದರೆ ಬೆವರು ಇಳಿಸುವ ಕೆಲಸ. 1991ರಲ್ಲಿ ಅವರ ನೇತೃತ್ವದಲ್ಲಿ ದೇಶದ ಹಲವು ಸಂಸ್ಥೆಗಳು ಸೇರಿ, ಬೇರೆ ಬೇರೆ ರಾಜ್ಯಗಳ ಬೇರೆ ಬೇರೆ ಬಗೆಯ ಗದ್ದೆಗಳಿಗೆ ಹೋಗಿ ಅಳೆದವು. ಇದನ್ನು ಅಳೆಯುವ ರೀತಿ ನೋಡಿ: ನಾಲ್ಕಾರು ಬುಡ ಭತ್ತದ ಮೇಲೆ ಪಾರದರ್ಶಕ ಪೆಟ್ಟಿಗೆಯೊಂದನ್ನು ಬೋರಲು ಹಾಕುವುದು. ಕೆಳಗೆ ನೀರು ಇರುವುದರಿಂದ ಗಾಳಿ ಸೋರುವುದಿಲ್ಲ. ಹಾಕಿದ ಕೂಡಲೇ ಒಮ್ಮೆ, ಆಮೇಲೆ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದುಕೊಳ್ಳುವುದು. ಲ್ಯಾಬಿನಲ್ಲಿ ಗ್ಯಾಸ್ ಕ್ರೊಮಾಟೋಗ್ರಾಫಿಗೆ ಹಾಕಿ ಮೀಥೇನ್ ಎಷ್ಟು ಏರಿದೆ ನೋಡುವುದು. ಏರಿದ ವೇಗ ಗೊತ್ತಾದರೆ ಚದರ ಮೀಟರಿಗೆ ಗಂಟೆಗೆ ಎಷ್ಟು ಅಂತ ಬರುತ್ತದೆ. ನೆಟ್ಟಿಯಿಂದ ಕೊಯ್ಲಿನವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು, ಕೆಸರಲ್ಲಿ ನಿಂತು, ಬಿಸಿಲಲ್ಲಿ.

ಬಂದ ಉತ್ತರ: ವರ್ಷಕ್ಕೆ ಸುಮಾರು 40 ಲಕ್ಷ ಟನ್. 3 ಕೋಟಿ 78 ಲಕ್ಷ ಎಲ್ಲಿ, 40 ಲಕ್ಷ ಎಲ್ಲಿ! ಹತ್ತಿರ ಹತ್ತಿರ ಒಂಬತ್ತು ಪಟ್ಟು ವ್ಯತ್ಯಾಸ. ನಮ್ಮ ಪ್ರೋಗ್ರಾಮಿನಲ್ಲಿ ಒಂದು ಸೊನ್ನೆ ಹೆಚ್ಚಾದರೆ ಟೆಸ್ಟಿಂಗಿನವರು ಬಯ್ಯುತ್ತಾರೆ, ಸರಿ ಮಾಡುತ್ತೇವೆ. ಇಲ್ಲಿ ಆ ಸೊನ್ನೆ ಹಾಗೇ ಉಳಿದಿದ್ದರೆ ಒಂದು ದೇಶದ ರೈತರ ತಲೆ ಮೇಲೆ ಕೂರುತ್ತಿತ್ತು. ಆಮೇಲೆ 2007ರ ಸಾಲಿಗೆ ಭಾರತ ಸರ್ಕಾರ ಲೆಕ್ಕ ಹಾಕಿದಾಗಲೂ ಭತ್ತದ್ದು ಸುಮಾರು 33 ಲಕ್ಷ ಟನ್ ಅಂತಲೇ ಬಂತು. ಮಿತ್ರ ತೀರಿಕೊಂಡದ್ದು ಅದೇ 2007ರಲ್ಲಿ.

ಇದನ್ನು ಓದಿ ನನಗೆ ಖುಷಿಗಿಂತ ನಾಚಿಕೆ ಹೆಚ್ಚಾಯಿತು. ಬೇರೆ ಯಾರದೋ ಗದ್ದೆಯ ಅಂಕಿ ತಂದು ಅಪ್ಪನ ಗದ್ದೆಗೆ ಅಂಟಿಸಲು ಹೋಗಿದ್ದೆನಲ್ಲ, ಮೂವತ್ತು ಚಿಲ್ಲರೆ ವರ್ಷದ ಹಿಂದೆ ದೇಶಕ್ಕೆ ಆದದ್ದನ್ನು ನಾನು ಮನೆ ಜಗಲಿಯಲ್ಲಿ ಮಾಡಿದ್ದೆ.

ಸರಿ, ನಮ್ಮ ಗದ್ದೆಯ ಲೆಕ್ಕವನ್ನೇ ಹಾಕೋಣ ಅಂತ ಕೂತೆ. ಪೆಟ್ಟಿಗೆ, ಸಿರಿಂಜು ನನ್ನ ಹತ್ತಿರ ಇಲ್ಲ. ಆದರೆ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಒಂದು ಕೋಷ್ಟಕ ಇದೆ. ಸದಾ ನೀರು ನಿಂತ ಗದ್ದೆಯಿಂದ ಹೆಕ್ಟೇರಿಗೆ ದಿನಕ್ಕೆ 1.30 ಕಿಲೋ ಮೀಥೇನ್ ಅಂತ ಹಿಡಿಯಬೇಕು. ನಡುವೆ ಒಂದು ಸಲ ಒಣಗಿಸಿದರೆ ಅದನ್ನು 0.60ರಿಂದ ಗುಣಿಸಬೇಕು, ಹಲವು ಸಲ ಒಣಗಿಸಿದರೆ 0.52ರಿಂದ. ಮಳೆ ಆಶ್ರಿತ ಗದ್ದೆಯಾದರೆ 0.28, ನೀರೇ ನಿಲ್ಲದ ಭತ್ತವಾದರೆ ಸೊನ್ನೆ. ಎಷ್ಟು ದಿನ, ಎಷ್ಟು ಜಾಗ, ಯಾವ ಸಾಲು ಅಂತ ಗೊತ್ತಿದ್ದರೆ ಸಾಕು, ಲೆಕ್ಕ ಮುಗಿಯಿತು.

ಯಾವ ಸಾಲು? ಅಲ್ಲೇ ಸಿಕ್ಕಿಹಾಕಿಕೊಂಡೆ. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನಮ್ಮ ಗದ್ದೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತೆ?"

"ಯಾವುದರಲ್ಲಿ? ಮೇಲಿನ ಇಪ್ಪತ್ತೈದು ಗುಂಟೆ ಮಕ್ಕಿ. ಮಳೆ ಮೂರು ದಿನ ಹೊಳವಾದ್ರೆ ನೀರಿಲ್ಲ. ಸೆಪ್ಟೆಂಬರ್ ಆದ್ಮೇಲೆ ಬಿರುಕು ಬಿಡುತ್ತೆ. ಕೆಳಗಿನ ಹದಿನೈದು ಗುಂಟೆ ಬೈಲು. ಅದರಲ್ಲಿ ಜಲ ಇದೆ, ಕೊಯ್ಲಿಗೆ ಇಳಿದಾಗಲೂ ಕಾಲು ಹೂತುಹೋಗುತ್ತೆ. ನೀನೇ ಒಂದ್ಸಲ ಚಪ್ಪಲಿ ಕಳ್ಕೊಂಡಿದ್ಯಲ್ಲ, ಮರ್ತೋಯ್ತಾ?"

ಮರೆತಿರಲಿಲ್ಲ. ಅಮ್ಮನ ಹತ್ತಿರ ಬೈಸಿಕೊಂಡದ್ದೂ ನೆನಪಿದೆ. ಆದರೆ ಮಕ್ಕಿ, ಬೈಲು ಅನ್ನುವುದನ್ನು ನಾನು ಬರೀ ಜಾಗದ ಹೆಸರು ಅಂದುಕೊಂಡಿದ್ದೆ. ಅದು ನೀರಿನ ಲೆಕ್ಕ. ಐಪಿಸಿಸಿಯ ಕೋಷ್ಟಕದ ಎರಡು ಸಾಲುಗಳು ನಮ್ಮೂರ ಮಾತಿನಲ್ಲಿ ಮೊದಲೇ ಇದ್ದವು. ದೀಪಾವಳಿಯ ದಿನ ಅಪ್ಪ ನನ್ನನ್ನು ಕೇಳಿದ್ದು ಅದನ್ನೇ, ನನಗೆ ಅರ್ಥ ಆಗಿರಲಿಲ್ಲ ಅಷ್ಟೆ.

ನೆಟ್ಟಿಯಿಂದ ಕೊಯ್ಲಿಗೆ 120 ದಿನ ಅಂತ ಹಿಡಿದು, ಗೊಬ್ಬರದ ಲೆಕ್ಕ ಸದ್ಯಕ್ಕೆ ಬಿಟ್ಟು, ಮೂರು ತರ ಹಾಕಿದೆ. ಇಡೀ ಎಕರೆ ಸದಾ ನೀರು ನಿಂತದ್ದು ಅಂದರೆ 63 ಕಿಲೋ ಮೀಥೇನ್. ಇಡೀ ಎಕರೆ ಮಳೆ ಆಶ್ರಿತ ಅಂದರೆ 18 ಕಿಲೋ. ಅಪ್ಪ ಹೇಳಿದ ಹಾಗೆ ಮಕ್ಕಿ ಬೇರೆ, ಬೈಲು ಬೇರೆ ಮಾಡಿ ಹಾಕಿದರೆ 35 ಕಿಲೋ. ಅದರಲ್ಲಿ ಸುಮಾರು 24 ಕಿಲೋ ಆ ಹದಿನೈದು ಗುಂಟೆ ಬೈಲಿನದ್ದೇ! ಒಂದೇ ಗದ್ದೆ, ಒಂದೇ ಭತ್ತ, ಮೂರು ಉತ್ತರ. ಯಾವುದು ಸರಿ ಅಂತ ಹೇಳಬಲ್ಲವರು ಅಲ್ಲಿ ಕಾಲಿಟ್ಟವರು ಮಾತ್ರ.

35 ಕಿಲೋ ಮೀಥೇನ್ ಅಂದರೆ ಹತ್ತಿರ ಹತ್ತಿರ ಒಂದು ಟನ್ ಇಂಗಾಲದ ಡೈ ಆಕ್ಸೈಡಿಗೆ ಸಮ. ಕುತೂಹಲಕ್ಕೆ ನನ್ನ ಕಾರಿನದ್ದೂ ಹಾಕಿದೆ. ಬೆಂಗಳೂರಿನಿಂದ ಊರಿಗೆ ಹೋಗಿ ಬರಲು ಸುಮಾರು 44 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋದಂತೆ ನೂರು ಕಿಲೋ. ಅಂದರೆ ನಾನೊಬ್ಬನೇ ಕಾರಿನಲ್ಲಿ ಹತ್ತು ಸಲ ಊರಿಗೆ ಹೋಗಿ ಬಂದರೆ ಅಪ್ಪನ ಇಡೀ ಗದ್ದೆಯ ವರ್ಷದ ಲೆಕ್ಕಕ್ಕೆ ಸಮ. ಗದ್ದೆ ವರ್ಷವಿಡೀ ಮನೆಗೆ ಅಕ್ಕಿ ಕೊಡುತ್ತದೆ. ನಾನು ಊರಿಗೆ ಹೋಗಿ ಏನು ಕೊಟ್ಟೆ? ಉಪದೇಶ.

ಇಷ್ಟಕ್ಕೇ ನಿಲ್ಲಿಸಿದರೆ "ನಮ್ಮ ಗದ್ದೆಯದ್ದೇನೂ ತಪ್ಪಿಲ್ಲ" ಅಂತ ಆಗಿಬಿಡುತ್ತದೆ. ಅದೂ ಸರಿಯಲ್ಲ. ಮಿತ್ರ ಅಳೆದದ್ದು ಸೊನ್ನೆ ಅಂತ ತೋರಿಸಲು ಅಲ್ಲ, 40 ಲಕ್ಷ ಟನ್ ಕೂಡ ಸಣ್ಣದಲ್ಲ. ಇಡೀ ಪ್ರಪಂಚದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3 ಕೋಟಿ ಟನ್ ಮೀಥೇನ್ ಬರುತ್ತದೆ ಅನ್ನುವುದು ಈಗಿನ ಅಂದಾಜು. ಗಮನಿಸಿದಿರಾ? ಆಗ ಭಾರತದ ಒಂದರ ತಲೆಗೇ ಕಟ್ಟಿದ್ದು ಅದಕ್ಕಿಂತ ಹೆಚ್ಚು! ಕಾಲುವೆ ನೀರಿರುವ ಕಡೆ ನಡುವೆ ಒಂದೆರಡು ಸಲ ಗದ್ದೆ ಒಣಗಲು ಬಿಟ್ಟರೆ ಮೀಥೇನ್ ಅರ್ಧಕ್ಕರ್ಧ ಇಳಿಯುತ್ತದೆ, ನೀರೂ ಉಳಿಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು 2007ರಲ್ಲಿ ಬಿಡುಗಡೆ ಮಾಡಿದ ಶಾರದಾ ಅನ್ನುವ ಏರೋಬಿಕ್ ಭತ್ತವನ್ನು ನೀರು ನಿಲ್ಲಿಸದೆಯೇ ಬೆಳೆಯಬಹುದು. ಆದರೆ ಇದರಲ್ಲೂ ಒಂದು ತೊಡಕು ಇದೆ. ಯೂರಿಯಾ ಹಾಕಿದ ಗದ್ದೆ ಒದ್ದೆಯಾಗುತ್ತ ಒಣಗುತ್ತ ಇದ್ದರೆ ನೈಟ್ರಸ್ ಆಕ್ಸೈಡ್ ಅನ್ನುವ ಇನ್ನೊಂದು ಅನಿಲ ಹೆಚ್ಚುತ್ತದೆ. ಪ್ರಮಾಣ ಕಡಿಮೆ, ಆದರೆ ಅದರ ಬಿಸಿ ಇಂಗಾಲದ ಡೈ ಆಕ್ಸೈಡಿನ 270 ಪಟ್ಟಿಗೂ ಹೆಚ್ಚು. ಒಂದು ಬಗ್ ಸರಿ ಮಾಡಿದರೆ ಇನ್ನೊಂದು ಏಳುವುದು ನಮ್ಮ ಕಡೆ ಮಾತ್ರ ಅಲ್ಲ ನೋಡಿ.

ಗೊಬ್ಬರದ ವಿಷಯವಂತೂ ನನಗೆ ಸ್ವಲ್ಪ ಬೇಜಾರೇ ಮಾಡಿತು. ಅಜ್ಜ ಸೊಪ್ಪಿನ ಬೆಟ್ಟದಿಂದ ಹಸಿ ಸೊಪ್ಪು ಕಡಿದು ತಂದು ಗದ್ದೆಗೆ ತುಳಿಸುತ್ತಿದ್ದರು. "ಏನೇ ಆದರೂ ನಮ್ಮ ಹಳೆಯ ಪದ್ಧತಿಯೇ ಪ್ರಕೃತಿಗೆ ಹತ್ತಿರ" ಅಂತ ಒಂದು ಸಾಲು ಬರೆಯಬೇಕು ಅಂದುಕೊಂಡಿದ್ದೆ. ಕೋಷ್ಟಕ ನೋಡಿದರೆ ಮೀಥೇನ್ ಹೆಚ್ಚಿಸುವ ಶಕ್ತಿ ಹಸಿರೆಲೆ ಗೊಬ್ಬರಕ್ಕೆ 0.50, ಕೊಟ್ಟಿಗೆ ಗೊಬ್ಬರಕ್ಕೆ 0.14, ಚೆನ್ನಾಗಿ ಕಳಿತ ಕಾಂಪೋಸ್ಟಿಗೆ 0.05. ಮಣ್ಣಿಗೆ ಒಳ್ಳೆಯದೇ, ಆದರೆ ನಿಂತ ನೀರಿನ ಅಡಿಯಲ್ಲಿ ಹಸಿ ಸೊಪ್ಪು ಅಂದರೆ ಗೋಬರ್ ಗ್ಯಾಸ್ ಗುಂಡಿಗೆ ಸೆಗಣಿ ಹಾಕಿದ ಹಾಗೆ. ಅಜ್ಜ ಇದ್ದಿದ್ದರೆ ಇದನ್ನು ಹೇಳುವ ಧೈರ್ಯ ನನಗಿರುತ್ತಿರಲಿಲ್ಲ ಬಿಡಿ.

ಅಪ್ಪನಿಗೆ ಇಷ್ಟೂ ಹೇಳಿದೆ, ಈ ವರ್ಷ ಜುಲೈನಲ್ಲಿ ನೆಟ್ಟಿಗೆ ಅಂತ ರಜೆ ಹಾಕಿ ಹೋದಾಗ. ಬಸ್ಸಿನಲ್ಲೇ ಹೋಗಿದ್ದೆ, ಅದನ್ನೂ ಹೇಳಿದೆ :) 63, 35, 18 ಎಲ್ಲ ಕೇಳಿಸಿಕೊಂಡು, "ಬೈಲು ಒಣಗಿಸು ಅಂತೀಯ. ಜುಲೈ ಮಳೆಯಲ್ಲಿ ನೀರನ್ನ ಎಲ್ಲಿಗೆ ಕಳಿಸೋದು? ಕೆಳಗಿನವರ ತೋಟಕ್ಕಾ?" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ, "ಗೊಬ್ಬರ ಚೆನ್ನಾಗಿ ಕಳಿಸಿ ಹಾಕೋದಾದ್ರೆ ಹಾಕಬಹುದು. ಮುಂದಿನ ವರ್ಷ ನೋಡೋಣ" ಅಂದರು. ಅಪ್ಪನ ಬಾಯಲ್ಲಿ "ನೋಡೋಣ" ಬಂದರೆ ಅರ್ಧ ಕೆಲಸ ಆದ ಹಾಗೆ.

ಹೋಗುವಾಗ ಒಂದಡಿ ಉದ್ದದ ಪಿವಿಸಿ ಪೈಪಿಗೆ ಕೆಳಗಿನ ಅರ್ಧಕ್ಕೆ ತೂತು ಕೊರೆಸಿ ತೆಗೆದುಕೊಂಡು ಹೋಗಿದ್ದೆ. ತೂತಿನ ಭಾಗ ಮಣ್ಣಿನೊಳಗೆ ಹುಗಿದರೆ ಮಣ್ಣಿನಡಿ ನೀರು ಎಷ್ಟು ಇಳಿದಿದೆ ಅಂತ ಒಳಗೆ ಕಾಣುತ್ತದೆ. ಕಾಲುವೆ ಸೀಮೆಯಲ್ಲಾದರೆ ನೀರು 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೂ ಮತ್ತೆ ನೀರು ಬಿಡದೆ ಕಾಯಬಹುದು, ಇಳುವರಿಗೆ ತೊಂದರೆ ಇಲ್ಲ ಅನ್ನುತ್ತಾರೆ. ನಮ್ಮ ಮಕ್ಕಿಗೆ ಅದರಿಂದ ದೊಡ್ಡ ಉಪಯೋಗ ಏನಿಲ್ಲ, ಆದರೂ ಹುಗಿದು ಬಂದೆ. "ಎಂಜಿನಿಯರಿಂಗ್ ಓದಿಸಿದ್ದಕ್ಕೆ ಪೈಪ್ ಹುಗಿಯೋದು ಕಲಿತ" ಅಂತ ನೆಟ್ಟಿಗೆ ಬಂದವರ ಎದುರಿಗೇ ಅಪ್ಪ ನಕ್ಕರು. ಎರಡು ಸಾಲು ನೆಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು, ಅದಕ್ಕೂ ನಕ್ಕರು.

ನಿನ್ನೆ ಫೋನ್ ಮಾಡಿದಾಗ ಅಮ್ಮ ಹೇಳಿದರು, ಅಡುಗೆಮನೆ ಕ್ಯಾಲೆಂಡರಿನಲ್ಲಿ ಅಪ್ಪ ದಿನಾ ಎರಡು ಗುರುತು ಹಾಕುತ್ತಿದ್ದಾರಂತೆ. ಮಕ್ಕಿಯಲ್ಲಿ ನೀರಿದ್ದರೆ ಒಂದು ಚುಕ್ಕೆ, ಬೈಲಿನಲ್ಲಿದ್ದರೆ ಇನ್ನೊಂದು. ಹಾಲಿನ ಲೆಕ್ಕ ಬರೆಯುವ ಜಾಗವೆಲ್ಲ ತುಂಬಿಹೋಗಿದೆ ಅಂತ ಅಮ್ಮನಿಗೆ ಸಿಟ್ಟು. ಕೊಯ್ಲಿನ ಹೊತ್ತಿಗೆ ಆ ಕ್ಯಾಲೆಂಡರ್ ನನ್ನ ಕೈಗೆ ಬಂದರೆ 120 ದಿನ, 0.28 ಅಂತೆಲ್ಲ ಊಹಿಸುವ ಬದಲು ನಮ್ಮ ಗದ್ದೆಯ ನಿಜವಾದ ದಿನಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಅಡಿಕೆ ಹಾಕಿ ಅಂತ ಹೇಳುವುದನ್ನು ನಿಲ್ಲಿಸಿದ್ದೇನೆ. ಅಪ್ಪ ಹಾಕುವುದಾದರೆ ಹಾಕಲಿ, ಬಿಡುವುದಾದರೆ ಬಿಡಲಿ, ಮೀಥೇನಿನ ನೆಪ ನನ್ನ ಕಡೆಯಿಂದ ಬೇಡ.

ನಿಮ್ಮೂರಿನ ಗದ್ದೆಗಳಿಗೆ ಏನನ್ನುತ್ತಾರೆ? ಕರಾವಳಿಯಲ್ಲಿ ಬೆಟ್ಟು, ಮಜಲು, ಬೈಲು ಅಂತ ಮೂರು ಬಗೆ ಇದೆ ಅಂತ ಗೊತ್ತು. ಮಂಡ್ಯ, ಗಂಗಾವತಿ ಕಡೆಯ ಕಾಲುವೆ ಗದ್ದೆಗಳಲ್ಲಿ ನೀರಿನ ಲೆಕ್ಕಕ್ಕೆ ಬೇರೆ ಹೆಸರುಗಳಿವೆಯಾ? ಗೊತ್ತಿದ್ದವರು ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಮನೆಗೊಂದು ಫೋನ್ ಮಾಡಿ ಕೇಳಿ.